ಜೊಂಡು ಹೇಳಿದ ಗುಟ್ಟು

ರಾಜನಿಗೆ ಕತ್ತೆಕಿವಿ ಇದ್ದ ಕಥೆಯನ್ನು ನಾನು ಮೊದಲು ಕೇಳಿದ್ದು ಅಜ್ಜಿಯಿಂದ, ಅವರೆಕಾಯಿ ಸುಲಿಯುತ್ತ ಕೂತಿದ್ದ ಒಂದು ಸಂಜೆ. ಕೂದಲು ಕತ್ತರಿಸಲು ಹೋದ ಕ್ಷೌರಿಕನಿಗೆ ಗುಟ್ಟು ತಿಳಿದುಬಿಡುತ್ತದೆ. ಹೇಳಿದರೆ ತಲೆ ಹೋಗುತ್ತದೆ, ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಪಾಪ, ಕಾಡಿಗೆ ಹೋಗಿ ಮರದ ಪೊಟರೆಗೆ ಬಾಯಿಟ್ಟು ಹೇಳಿ ಬಂದ. ಮುಂದೆ ಯಾರೋ ಆ ಮರ ಕಡಿದು ನಗಾರಿ ಮಾಡಿದರು. ಅರಮನೆಯ ಮುಂದೆ ಬಾರಿಸಿದಾಗ ಅದು ಢಂ ಢಂ ಅನ್ನಲಿಲ್ಲ, ರಾಜನ ಕಿವಿ ಕತ್ತೆ ಕಿವಿ ಅಂದಿತು. ಅಜ್ಜಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಕ್ಷೌರಿಕನ ತಲೆ ಉಳಿಯಿತಾ ಎಂದು ಕೇಳಿದರೆ, 'ಹೇಳಿದ್ದು ನಗಾರಿ, ಅವನ ತಲೆ ಯಾಕೋ ತೆಗೀಬೇಕು?' ಎಂದು ಪ್ರಶ್ನೆಯನ್ನು ನನಗೇ ತಿರುಗಿಸುತ್ತಿದ್ದರು.

ಅದೇ ಕ್ಷೌರಿಕ ನನಗೆ ಮತ್ತೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ರೋಮಿನ ಕವಿ ಓವಿಡ್‌ನ ಕಾವ್ಯದ ಹನ್ನೊಂದನೇ ಭಾಗದಲ್ಲಿ. ಅಲ್ಲಿ ರಾಜನ ಹೆಸರು ಮಿಡಾಸ್. ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ವರ ಬೇಡಿ, ತುತ್ತೂ ಚಿನ್ನವಾಗಿ ಹಸಿವಿನಿಂದ ಕಂಗೆಟ್ಟನೆಂದು ನಾವು ಶಾಲೆಯಲ್ಲಿ ಓದಿದೆವಲ್ಲ, ಅದೇ ಮಿಡಾಸ್. ಆ ಪಾಠದ ಮುಂದಿನ ಭಾಗವನ್ನು ಮೇಷ್ಟ್ರು ಹೇಳಿರಲಿಲ್ಲ. ಸಂಗೀತದ ಸ್ಪರ್ಧೆಯೊಂದರಲ್ಲಿ ಅಪೋಲೋ ದೇವರ ತಂತಿವಾದ್ಯಕ್ಕಿಂತ ಪ್ಯಾನ್‌ನ ಕೊಳಲೇ ಚೆಂದ ಎಂದು ಮಿಡಾಸ್ ಯಾರೂ ಕೇಳದೆ ತೀರ್ಪು ಕೊಟ್ಟ. ಇಂಥ ಕಿವಿಗೆ ಮನುಷ್ಯರ ಆಕಾರ ಯಾಕೆ ಎಂದು ಅಪೋಲೋ ಅದನ್ನು ಉದ್ದಕ್ಕೆ ಎಳೆದು ಕತ್ತೆಕಿವಿ ಮಾಡಿದ. ರಾಜ ನೇರಳೆ ಬಣ್ಣದ ಪೇಟ ಸುತ್ತಿ ಮುಚ್ಚಿಕೊಂಡ. ಕೂದಲು ಕತ್ತರಿಸುವ ಆಳಿಗೆ ಮುಚ್ಚಿಡುವುದು ಹೇಗೆ? ಅವನು ನೆಲದಲ್ಲಿ ಗುಂಡಿ ತೋಡಿ, ಬಗ್ಗಿ ಪಿಸುಗುಟ್ಟಿ, ಮಣ್ಣು ಮುಚ್ಚಿ ಸದ್ದಿಲ್ಲದೆ ಹೊರಟುಹೋದ. ಅಲ್ಲಿ ಜೊಂಡು ಬೆಳೆಯಿತು. ವರ್ಷ ತುಂಬಿ ಬಲಿತಾಗ ತೆಂಕಣ ಗಾಳಿ ಬೀಸಿ, ಹೂತಿಟ್ಟ ಮಾತನ್ನೇ ಜೊಂಡು ಆಡಿತು.

ಈ ಕಥೆ ಯಾರಿಂದ ಯಾರಿಗೆ ಬಂತು ಎಂಬುದನ್ನು ಜಾನಪದ ವಿದ್ವಾಂಸರು ನೋಡಿಕೊಳ್ಳಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಇದನ್ನು ಬರೆದವನನ್ನೇ, ಕಾವ್ಯಕ್ಕೆ ಕೊನೆಯ ತಿದ್ದುಪಡಿ ಬೀಳುವ ಮೊದಲು, ಚಕ್ರವರ್ತಿಯೊಬ್ಬ ಲೋಕದ ಅಂಚಿನ ಗುಂಡಿಗೆ ಹಾಕಿ ಮಣ್ಣೆಳೆದ.

ಪೂಬ್ಲಿಯಸ್ ಓವಿಡಿಯಸ್ ನಾಸೋ ಹುಟ್ಟಿದ್ದು ಕ್ರಿ.ಪೂ. 43ರ ಮಾರ್ಚ್ 20ರಂದು, ಇಟಲಿಯ ಬೆಟ್ಟಸೀಮೆಯ ಸುಲ್ಮೋ ಎಂಬ ಪಟ್ಟಣದಲ್ಲಿ. ಈಗಿನ ಸುಲ್ಮೋನಾ. ಜೂಲಿಯಸ್ ಸೀಸರನ ಕೊಲೆಯಾಗಿ ಒಂದು ವರ್ಷ ಕಳೆದಿತ್ತು. ಮನೆಯಲ್ಲಿ ಅನುಕೂಲವಿತ್ತು. ಸರಿಯಾಗಿ ಒಂದು ವರ್ಷ ದೊಡ್ಡವನಾದ ಅಣ್ಣನೊಬ್ಬನಿದ್ದ. ಇಬ್ಬರ ಹುಟ್ಟುಹಬ್ಬವೂ ಒಂದೇ ದಿನ, ಹಬ್ಬದ ಕಜ್ಜಾಯವೂ ಜೋಡಿ. ಅಣ್ಣ ವಕೀಲಿಕೆಗೆ ಹೇಳಿ ಮಾಡಿಸಿದವನು. ತಮ್ಮನಿಗೆ ಗದ್ಯ ಬರೆಯಲು ಕೂತರೂ ಪದ್ಯವೇ ಬರುತ್ತಿತ್ತಂತೆ. ಕವಿತೆಯಿಂದ ಹೊಟ್ಟೆ ತುಂಬೀತೇ, ಹೋಮರನೇ ಕಾಸು ಬಿಟ್ಟು ಸಾಯಲಿಲ್ಲ ಎಂದು ಅಪ್ಪ ಬುದ್ಧಿ ಹೇಳಿದ. ಈ ಮಾತನ್ನು ನಮ್ಮಲ್ಲಿ ಕೇಳದ ಕವಿ ಯಾರಿದ್ದಾರೆ? ಅಣ್ಣ ಇಪ್ಪತ್ತಕ್ಕೇ ತೀರಿಕೊಂಡ. ತಮ್ಮ ಕೆಲವು ಕಾಲ ಸಣ್ಣಪುಟ್ಟ ಸರ್ಕಾರಿ ಹುದ್ದೆ ನೋಡಿಕೊಂಡು, ಆಮೇಲೆ ಅಪ್ಪನ ಆಸೆಯನ್ನು ಕೈಬಿಟ್ಟ.

ರೋಮಿನಲ್ಲಿ ಆಗ ಆಗಸ್ಟಸ್‌ನ ಆಳ್ವಿಕೆ. ಅಂತರ್ಯುದ್ಧಗಳ ರಕ್ತ ತೊಳೆದು ಅಮೃತಶಿಲೆಯ ನಗರ ಕಟ್ಟುತ್ತಿದ್ದ ಚಕ್ರವರ್ತಿಗೆ ಜನರ ನಡತೆಯನ್ನೂ ತಿದ್ದುವ ಹಂಬಲ. ಕ್ರಿ.ಪೂ. 18ರಲ್ಲಿ ಹಾದರವನ್ನು ರಾಜ್ಯದ ಮಟ್ಟದ ಅಪರಾಧ ಮಾಡುವ ಕಾನೂನು ತಂದ. ಮದುವೆಯಾಗದವರಿಗೆ ಆಸ್ತಿಯ ಹಕ್ಕಿನಲ್ಲಿ ಕೊಕ್ಕೆ ಹಾಕಿದ. ಕ್ರಿ.ಶ. 9ರಲ್ಲಿ ಇದೇ ಬಗೆಯ ಇನ್ನೊಂದು ಕಾನೂನಿಗೆ ಹೆಸರು ಕೊಟ್ಟ ಇಬ್ಬರು ಕಾನ್ಸಲ್‌ಗಳೂ ಬ್ರಹ್ಮಚಾರಿಗಳಾಗಿದ್ದರು ಎಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ನಗುತ್ತಾನೆ. ಇಂಥ ಕಾಲದಲ್ಲಿ ಓವಿಡ್ 'ಆರ್ಸ್ ಅಮಾಟೋರಿಯಾ' ಬರೆದ. ಪ್ರೇಮಿಸುವ ಕಲೆಗೆ ಒಂದು ಪಠ್ಯಪುಸ್ತಕ, ವ್ಯವಸಾಯಕ್ಕೋ ಬೇಟೆಗೋ ಕೈಪಿಡಿ ಬರೆಯುವ ಗಂಭೀರ ಧಾಟಿಯಲ್ಲಿ. ರಥದ ಪಂದ್ಯ ನೋಡಲು ಹೋದಾಗ ಪಕ್ಕದ ಹುಡುಗಿಯ ಮಡಿಲ ಮೇಲೆ ಧೂಳು ಬಿದ್ದರೆ ಬೆರಳಿನಿಂದ ಕೊಡವು, ಧೂಳು ಬೀಳದಿದ್ದರೆ ಇಲ್ಲದ ಧೂಳನ್ನೇ ಕೊಡವು ಎನ್ನುತ್ತದೆ ಅದರ ಒಂದು ಪಾಠ. ಚಕ್ರವರ್ತಿ ಕಟ್ಟಿಸಿದ ಹಲವು ಸಾರ್ವಜನಿಕ ಕಟ್ಟಡಗಳು ಆ ಪುಸ್ತಕದಲ್ಲಿ ಹುಡುಗಿಯರು ಸಿಗುವ ಜಾಗಗಳಾಗಿ ಪಟ್ಟಿಗೊಂಡಿವೆ. ಪುಸ್ತಕ ಹೊರಬಂದ ಆಸುಪಾಸಿನಲ್ಲೇ, ಕ್ರಿ.ಪೂ. 2ರಲ್ಲಿ, ಆಗಸ್ಟಸ್ ತನ್ನ ಒಬ್ಬಳೇ ಮಗಳು ಜೂಲಿಯಾಳನ್ನು ಹಾದರದ ಆರೋಪದ ಮೇಲೆ ದ್ವೀಪವೊಂದಕ್ಕೆ ಅಟ್ಟಬೇಕಾಯಿತು. ಚಕ್ರವರ್ತಿ ನಕ್ಕಿರಲಾರ.

ಆದರೂ ಏಟು ಬೀಳಲು ಹಲವು ವರ್ಷ ಹಿಡಿಯಿತು. ಆ ಹೊತ್ತಿಗೆ ಓವಿಡ್ ತನ್ನ ದೊಡ್ಡ ಕೆಲಸಕ್ಕೆ ಕೈಹಾಕಿದ್ದ. 'ಮೆಟಮಾರ್ಫೊಸೀಸ್', ಅಂದರೆ ರೂಪಾಂತರಗಳು. ಹದಿನೈದು ಭಾಗ, ಸುಮಾರು 12,000 ಸಾಲು, ಇನ್ನೂರೈವತ್ತರಷ್ಟು ಕಥೆಗಳು. ಸೃಷ್ಟಿಯ ಮೊದಲಿನ ಗೊಂದಲದಿಂದ ಹಿಡಿದು ಸೀಸರ್ ನಕ್ಷತ್ರವಾಗುವವರೆಗೆ ಎಲ್ಲವೂ ಒಂದು ಇನ್ನೊಂದಾಗುವ ಕಥೆ. ವರ್ಜಿಲ್‌ನ ಮಹಾಕಾವ್ಯದಂತೆ ಇದಕ್ಕೆ ಒಬ್ಬ ನಾಯಕನಿಲ್ಲ. ನಮ್ಮ ಕಥಾಸರಿತ್ಸಾಗರದ ಹಾಗೆ ಕಥೆಯ ಹೊಟ್ಟೆಯಲ್ಲಿ ಕಥೆ, ಅದರ ಹೊಟ್ಟೆಯಲ್ಲಿ ಇನ್ನೊಂದು.

ಓದುತ್ತ ಹೋದಂತೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಇಲ್ಲಿ ಬಾಯಿ ಕಳೆದುಕೊಳ್ಳುವವರು ಬಹಳ. ಜೂಪಿಟರ್‌ನ ಕಣ್ಣಿಗೆ ಬಿದ್ದ ಇಯೋ ಎಂಬ ಹುಡುಗಿ ಆಕಳಾಗುತ್ತಾಳೆ. ಬಾಯಿ ತೆರೆದರೆ ಅಂಬಾ ಎನ್ನುವ ದನಿಗೆ ತಾನೇ ಬೆಚ್ಚುತ್ತಾಳೆ. ಕೊನೆಗೆ ಗೊರಸಿನಿಂದ ಮಣ್ಣಿನಲ್ಲಿ ಹೆಸರು ಬರೆದು ಅಪ್ಪನಿಗೆ ಗುರುತು ಹೇಳುತ್ತಾಳೆ. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಎರಡೇ ಅಕ್ಷರ, ಒಂದು ಗೀಟು, ಒಂದು ಸೊನ್ನೆ. ಗೊರಸಿಗೆ ಅಷ್ಟು ಸಾಕು. ಅಕ್ಕನ ಗಂಡನಿಂದ ಅತ್ಯಾಚಾರಕ್ಕೊಳಗಾದ ಫಿಲೊಮೆಲಾಳ ನಾಲಿಗೆಯನ್ನು ಅವನು ಕತ್ತರಿಸುತ್ತಾನೆ. ಅವಳು ನಡೆದದ್ದನ್ನು ಬಟ್ಟೆಯಲ್ಲಿ ನೇಯ್ದು ಅಕ್ಕನಿಗೆ ಕಳಿಸುತ್ತಾಳೆ. ಎಕೋ ಎಂಬವಳಿಗೆ ಇನ್ನೊಬ್ಬರ ಕೊನೆಯ ಮಾತಷ್ಟೇ ಉಳಿಯುತ್ತದೆ. ಅಷ್ಟರಲ್ಲೇ ಅವಳು ನಾರ್ಸಿಸಸ್‌ಗೆ ಪ್ರೇಮ ತಿಳಿಸುತ್ತಾಳೆ. ಮಿನರ್ವಾ ದೇವತೆಯ ಜೊತೆ ನೇಯ್ಗೆಯ ಪಂದ್ಯಕ್ಕಿಳಿದ ಅರಾಕ್ನಿ, ದೇವತೆಗಳು ಹೆಂಗಸರಿಗೆ ಮಾಡಿದ ಮೋಸಗಳನ್ನೆಲ್ಲ ಚಿತ್ರವಾಗಿ ನೇಯುತ್ತಾಳೆ. ಮಿನರ್ವಾ ಎಷ್ಟು ಹುಡುಕಿದರೂ ಅದರಲ್ಲಿ ತಪ್ಪು ಸಿಗುವುದಿಲ್ಲ. ಅದಕ್ಕೇ ಬಟ್ಟೆ ಹರಿದು ಅವಳನ್ನು ಜೇಡ ಮಾಡುತ್ತಾಳೆ. ಇವೆಲ್ಲ ಗಡೀಪಾರಿಗೆ ಮೊದಲು ಬರೆದವು. ಕವಿಗಳಿಗೆ ಕಾಲಜ್ಞಾನವಿರುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವವನಲ್ಲ, ಆದರೆ ಈ ಪ್ರಕರಣದಲ್ಲಿ ಸ್ವಲ್ಪ ತಡವರಿಸುತ್ತೇನೆ.

ಕ್ರಿ.ಶ. 8ರಲ್ಲಿ ಆಜ್ಞೆ ಬಂತು. ಓವಿಡ್ ಆಗ ಎಲ್ಬಾ ದ್ವೀಪದಲ್ಲಿದ್ದ. ಸುದ್ದಿ ನಿಜವೇ ಎಂದು ಗೆಳೆಯ ಕೋಟಾ ಕೇಳಿದಾಗ ಹೌದು ಎನ್ನಲೂ ಆಗದೆ ಅಲ್ಲ ಎನ್ನಲೂ ಆಗದೆ ತೊದಲಿದೆ ಎಂದು ಅವನೇ ಬರೆದಿದ್ದಾನೆ. ವಿಚಾರಣೆ ಇಲ್ಲ, ಸೆನೆಟ್‌ನ ನಿರ್ಣಯವಿಲ್ಲ. ಆಸ್ತಿ, ಪೌರತ್ವ ಎರಡನ್ನೂ ಕಿತ್ತುಕೊಳ್ಳಲಿಲ್ಲ. ಇರಬೇಕಾದ ಜಾಗ ಮಾತ್ರ ಕಪ್ಪುಸಮುದ್ರದ ದಂಡೆಯ ತೋಮಿಸ್, ಇವತ್ತಿನ ರೊಮೇನಿಯಾದ ಕಾನ್‌ಸ್ಟಾಂಟ್ಸಾ. ತನ್ನನ್ನು ಕೆಡಿಸಿದ್ದು ಎರಡು, ಒಂದು ಕವಿತೆ ಮತ್ತು ಒಂದು ತಪ್ಪು ಎನ್ನುತ್ತಾನೆ ಓವಿಡ್. ಕವಿತೆ ಯಾವುದೆಂದು ಗೊತ್ತು. ತಪ್ಪು ಏನೆಂದು ಅವನು ಸಾಯುವವರೆಗೂ ಬಾಯಿಬಿಡಲಿಲ್ಲ. ನೋಡಬಾರದ್ದನ್ನು ನೋಡಿದೆ ಎಂಬಷ್ಟೇ ಸುಳಿವು. ಅದೇ ವರ್ಷ ಆಗಸ್ಟಸ್‌ನ ಮೊಮ್ಮಗಳು, ಇನ್ನೊಬ್ಬ ಜೂಲಿಯಾ, ಹಾದರದ ಆರೋಪದ ಮೇಲೆ ದ್ವೀಪದ ಪಾಲಾದಳು. ಎರಡನ್ನೂ ಕೂಡಿಸಿ ನೂರಾರು ಊಹೆಗಳು ಹುಟ್ಟಿವೆ. ಎರಡು ಸಾವಿರ ವರ್ಷ ಪಂಡಿತರನ್ನು ಕೆಲಸದಲ್ಲಿಟ್ಟ ಈ ಮೌನ ಅವನ ಅತ್ಯಂತ ಯಶಸ್ವಿ ಕೃತಿಯೋ ಏನೋ.

ರೋಮ್ ಬಿಟ್ಟ ರಾತ್ರಿಯ ಬಗ್ಗೆ ಅವನು ಬರೆದ ಕವಿತೆಯಲ್ಲಿ ಹೆಂಡತಿ ಅಳುತ್ತಿದ್ದಾಳೆ, ಮಗಳು ದೂರದ ಲಿಬಿಯಾದಲ್ಲಿದ್ದಾಳೆ, ನಾಯಿಗಳ ಸದ್ದೂ ಅಡಗಿದೆ, ಆಕಾಶದಲ್ಲಿ ಚಂದ್ರ. ಮೂರು ಸಲ ಹೊಸ್ತಿಲು ಮುಟ್ಟುತ್ತಾನೆ, ಮೂರು ಸಲವೂ ಕಾಲು ಹಿಂದೆ ಬರುತ್ತದೆ. 1788ರಲ್ಲಿ ರೋಮಿನಿಂದ ಹೊರಡುವಾಗ ಜರ್ಮನ್ ಕವಿ ಗಯಟೆಗೆ ನೆನಪಾದದ್ದು ಇದೇ ಕವಿತೆ. ತನ್ನ ಇಟಲಿ ಪ್ರವಾಸಕಥನವನ್ನು ಅವನು ಮುಗಿಸಿದ್ದೂ ಇದರಿಂದಲೇ. ಹೊರಡುವ ಮೊದಲು ಓವಿಡ್ ರೂಪಾಂತರದ ಹಸ್ತಪ್ರತಿಯನ್ನು ಬೆಂಕಿಗೆ ಹಾಕಿದನಂತೆ. ಪ್ರತಿಗಳು ಆಗಲೇ ಗೆಳೆಯರ ಮನೆಗಳಲ್ಲಿದ್ದವು ಎಂದೂ ಅವನೇ ಸೇರಿಸುತ್ತಾನೆ. ಹಾಗಾದರೆ ಆ ಬೆಂಕಿ ಸ್ವಲ್ಪ ನಾಟಕವೇ ಇರಬೇಕು.

ತೋಮಿಸ್‌ನಿಂದ ಅವನು ಪದ್ಯದಲ್ಲಿ ಪತ್ರಗಳನ್ನು ಕಳಿಸುತ್ತಲೇ ಹೋದ. ಅಲ್ಲಿ ದ್ರಾಕ್ಷಾರಸ ಹೆಪ್ಪುಗಟ್ಟುತ್ತದೆ, ಗಡಿಗೆ ತೆಗೆದರೂ ಗಡಿಗೆಯ ಆಕಾರದಲ್ಲೇ ನಿಲ್ಲುತ್ತದೆ, ಅದನ್ನು ಸುರಿದು ಕುಡಿಯುವುದಿಲ್ಲ, ಒಡೆದು ತುಂಡು ಹಂಚುತ್ತಾರೆ. ಮನೆಗಳ ಸೂರಿನಲ್ಲಿ ವಿಷದ ಬಾಣಗಳು ನೆಟ್ಟುಕೊಂಡಿರುತ್ತವೆ. ಗಡ್ಡದಲ್ಲಿ ಮಂಜಿನ ಹರಳು. (ಇವತ್ತು ರೊಮೇನಿಯಾದ ಜನ ಬೇಸಿಗೆ ರಜೆಗೆ ಬಿಸಿಲು ಕಾಯಿಸಿಕೊಳ್ಳಲು ಹೋಗುವುದು ಇದೇ ಕರಾವಳಿಗೆ. ಕವಿ ತುಸು ಹೆಚ್ಚೇ ನಡುಗಿದ್ದಾನೆ.) ಆ ಕವಿತೆಗಳಲ್ಲಿ ನನಗೆ ಬಹಳ ಇಷ್ಟವಾದದ್ದರಲ್ಲಿ ಮಾತಾಡುವುದು ಕವಿಯಲ್ಲ, ಪುಸ್ತಕ. ತೋಮಿಸ್‌ನಿಂದ ಕುಂಟುತ್ತ ರೋಮಿಗೆ ಬಂದ ಹೊಸ ಪುಸ್ತಕ ದಾರಿಹೋಕನೊಬ್ಬನನ್ನು ಕೇಳಿಕೊಂಡು ಪ್ಯಾಲಟೈನ್ ಗುಡ್ಡದ ಗ್ರಂಥಾಲಯಕ್ಕೆ ಹೋಗುತ್ತದೆ, ತನ್ನ ಅಣ್ಣಂದಿರು ಕಪಾಟಿನಲ್ಲಿದ್ದಾರೆಯೇ ಎಂದು ಹುಡುಕುತ್ತದೆ. ಅಧಿಕಾರಿ ಹೊರಗೆ ಹೋಗು ಎನ್ನುತ್ತಾನೆ. ಇನ್ನೆರಡು ಗ್ರಂಥಾಲಯಗಳಲ್ಲೂ ಅದೇ ಉತ್ತರ. ಸರ್ಕಾರಿ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಪುಸ್ತಕ ಕೊನೆಗೆ ಸಾಮಾನ್ಯ ಓದುಗರ ಕೈಗಳಿಗೆ ಮೊರೆಯಿಡುತ್ತದೆ, ಖಾಸಗಿ ಮೂಲೆಯಲ್ಲಿ ಒಂದಿಷ್ಟು ಜಾಗ ಕೊಡಿ ಎಂದು.

ಜಾಗ ಸಿಕ್ಕಿತು. ಆಗಸ್ಟಸ್ ಕ್ರಿ.ಶ. 14ರಲ್ಲಿ ಸತ್ತ, ಮುಂದೆ ಬಂದ ಟೈಬೀರಿಯಸ್ ಕವಿಯನ್ನು ವಾಪಸು ಕರೆಸಲಿಲ್ಲ. ಓವಿಡ್ 17 ಅಥವಾ 18ರಲ್ಲಿ ತೋಮಿಸ್‌ನಲ್ಲೇ ಕಣ್ಣುಮುಚ್ಚಿದ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಪಾಂಪೇಯನ್ನು ಬೂದಿಯಲ್ಲಿ ಹೂತಾಗ ಆ ಊರಿನ ಗೋಡೆಗಳ ಮೇಲೆ ಅವನ ಸಾಲುಗಳಿದ್ದವು. ಪೋಲಿ ಬರಹ, ಚುನಾವಣೆಯ ಪ್ರಚಾರ, ಸಾಲದ ಲೆಕ್ಕಗಳ ನಡುವೆ ಯಾರೋ ನೆನಪಿನಿಂದ ಗೀಚಿದ್ದು. ಅಗೆದವರಿಗೆ ಅವು ಸಿಕ್ಕಿವೆ.

ಆಮೇಲೆ ಶತಮಾನಗಳ ಮಸುಕು. ಇಡೀ ರೂಪಾಂತರ ಕಾವ್ಯವಿರುವ ಹಸ್ತಪ್ರತಿಗಳಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯವು ಹನ್ನೊಂದನೇ ಶತಮಾನದವು. ಅದಕ್ಕೂ ಹಿಂದಿನವು ಬರೀ ತುಣುಕುಗಳು. ಈ ಕತ್ತಲಲ್ಲಿ ದೀಪ ಹಿಡಿದವರು ಯಾರು ಅಂದರೆ ಬ್ರಹ್ಮಚರ್ಯದ ಪಣ ತೊಟ್ಟ ಸನ್ಯಾಸಿಗಳು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸಂತ ಡನ್‌ಸ್ಟನ್‌ನ ತರಗತಿ ಪುಸ್ತಕ ಎಂದು ಕರೆಯುವ ಒಂದು ಕಟ್ಟು ಇದೆ. ಅದರಲ್ಲಿ ವೇಲ್ಸ್ ಸೀಮೆಯಲ್ಲಿ ಒಂಬತ್ತನೇ ಶತಮಾನದಲ್ಲಿ ನಕಲು ಮಾಡಿದ 'ಆರ್ಸ್ ಅಮಾಟೋರಿಯಾ'ದ ಮೊದಲ ಭಾಗವಿದೆ. ಅದೇ, ಧೂಳು ಕೊಡವುವ ಪಾಠವಿರುವ ಭಾಗ. ಸಾಲುಗಳ ನಡುವೆ ಕಷ್ಟದ ಲ್ಯಾಟಿನ್ ಪದಗಳಿಗೆ ಪುಟ್ಟ ಅಕ್ಷರಗಳಲ್ಲಿ ಹಳೆಯ ವೆಲ್ಷ್ ಭಾಷೆಯ ಅರ್ಥಗಳು. ನಮ್ಮ ಓಲೆಗರಿಗಳ ಅಂಚಿನಲ್ಲಿ ಟೀಕು ಬರೆದ ಹಾಗೆ. ಅಂದರೆ ಮಠದ ಹುಡುಗರು ವ್ಯಾಕರಣ ಕಲಿಯಲು ಪ್ರೇಮಪಾಠವನ್ನು ಬಾಯಿಪಾಠ ಮಾಡುತ್ತಿದ್ದರು. ಕೊನೆಯ ಹಾಳೆ ಬೇರೆ ಕೈಬರಹದ್ದು. ಅದು ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ, ಸಂತನೆನಿಸಿಕೊಂಡ ಡನ್‌ಸ್ಟನ್‌ನದೇ ಇರಬೇಕು ಎಂದು ವಿದ್ವಾಂಸರ ಊಹೆ. ಪಾಠ ಅರ್ಧಕ್ಕೆ ನಿಂತಿದ್ದನ್ನು ಸಹಿಸದೆ ಕೂತು ಪೂರ್ತಿ ಮಾಡಿದ ಆ ಕೈಯನ್ನು ನೆನೆದರೆ ಯಾವ ಧರ್ಮದ ಮಠವಾದರೂ ಪ್ರೀತಿ ಬರುತ್ತದೆ.

ಹನ್ನೆರಡು, ಹದಿಮೂರನೇ ಶತಮಾನಗಳನ್ನು ಜರ್ಮನ್ ವಿದ್ವಾಂಸ ಲುಡ್ವಿಗ್ ಟ್ರೌಬೆ ಓವಿಡ್‌ನ ಯುಗ ಎಂದೇ ಕರೆದ. ಶಾಲೆಗಳಲ್ಲಿ ಓವಿಡ್, ಆಸ್ಥಾನದ ಪ್ರೇಮಗೀತೆಗಳಲ್ಲಿ ಓವಿಡ್. ಇಷ್ಟು ಬೇಕಾದವನನ್ನು ಕ್ರೈಸ್ತ ಜಗತ್ತಿನಲ್ಲಿ ಇಟ್ಟುಕೊಳ್ಳುವುದು ಹೇಗೆ? ನಮ್ಮ ವ್ಯಾಖ್ಯಾನಕಾರರು ಶೃಂಗಾರಕ್ಕೆ ಅಧ್ಯಾತ್ಮದ ಶಾಲು ಹೊದಿಸಿದಂತೆ ಅವರೂ ಹೊದಿಸಿದರು. ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಹೆಸರು ಹೇಳದ ಫ್ರೆಂಚ್ ಲೇಖಕನೊಬ್ಬ ಬರೆದ 'ಒವಿಡ್ ಮೊರಾಲಿಜೆ' ಎಂಬ ಪದ್ಯಗ್ರಂಥ ಮೂಲದ 12,000 ಸಾಲುಗಳನ್ನು ಸುಮಾರು 72,000ಕ್ಕೆ ಹಿಗ್ಗಿಸಿದೆ. ಹೆಚ್ಚಾದದ್ದರಲ್ಲಿ ದೊಡ್ಡ ಪಾಲು ಉಪದೇಶ. ಅಪೋಲೋ ಅಟ್ಟಿಸಿಕೊಂಡು ಹೋದ ಡ್ಯಾಫ್ನಿ ಅದರಲ್ಲಿ ಕನ್ಯೆ ಮೇರಿಯೂ ಆಗುತ್ತಾಳೆ. ತಮಾಷೆಯೆಂದರೆ, ಹದಿನಾರನೇ ಶತಮಾನದಲ್ಲಿ ಕ್ಯಾಥೊಲಿಕ್ ಚರ್ಚು ನಿಷೇಧಿತ ಪುಸ್ತಕಗಳ ಪಟ್ಟಿ ಮಾಡಿದಾಗ ಅದರಲ್ಲಿ ಸೇರಿದ್ದು ರೂಪಾಂತರ ಕಾವ್ಯವಲ್ಲ, ಅದಕ್ಕೆ ಬರೆದ ಈ ಬಗೆಯ ಸಾಂಕೇತಿಕ ಭಾಷ್ಯಗಳು. ಕಾಪಾಡಲು ಬಂದ ಶಾಲು ನಿಷೇಧವಾಯಿತು, ಮೈ ಉಳಿಯಿತು.

ಡಾಂಟೆ ಓವಿಡ್‌ನನ್ನು ನರಕದ ಮೊದಲ ಸುತ್ತಿನಲ್ಲಿ ಹೋಮರ್, ಹೊರೇಸ್, ಲೂಕನ್ ಜೊತೆ ಗೌರವದಿಂದ ಕೂರಿಸಿದ್ದಾನೆ. ಇನ್ನೂ ಕೆಳಗೆ ಇಳಿದ ಮೇಲೆ, ಕಳ್ಳರು ಹಾವುಗಳಾಗಿ ಹಾವುಗಳು ಕಳ್ಳರಾಗುವುದನ್ನು ವರ್ಣಿಸುವಾಗ, ಓವಿಡ್ ಇನ್ನು ಸುಮ್ಮನಿರಲಿ, ನನ್ನ ರೂಪಾಂತರವೇ ಮೇಲು ಎಂದು ಜಂಬ ಕೊಚ್ಚುತ್ತಾನೆ. ಮನೆ ಬಿಟ್ಟು ಗಡೀಪಾರಾದ ಫ್ಲಾರೆನ್ಸಿನವನು ಗಡೀಪಾರಾದ ರೋಮಿನವನ ಜೊತೆ ಮಾಡುವ ಈ ಜಗಳದಲ್ಲಿ ಸಲಿಗೆಯಿದೆ.

ಚಾಸರ್ ಮಾಡಿದ್ದು ಇದಕ್ಕಿಂತ ಕಿಲಾಡಿ ಕೆಲಸ. 'ಕ್ಯಾಂಟರ್ಬರಿ ಕಥೆ'ಗಳಲ್ಲಿ ಬಾತ್ ಊರಿನ ಹೆಂಗಸು, ಐದು ಗಂಡಂದಿರನ್ನು ಕಂಡ ಘಾಟಿ, ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನಲು ಮಿಡಾಸ್‌ನ ಕಥೆ ತೆಗೆಯುತ್ತಾಳೆ. ಅವಳ ಕಥೆಯಲ್ಲಿ ಕ್ಷೌರಿಕನೇ ಇಲ್ಲ! ಕತ್ತೆಕಿವಿಯ ಗುಟ್ಟು ತಿಳಿದದ್ದು ಹೆಂಡತಿಗೆ. ಅವಳು ಜವುಗಿನ ನೀರಿಗೆ ಬಾಯಿಟ್ಟು ಹೇಳುತ್ತಾಳೆ. ಮುಂದೇನಾಯಿತು ಎಂದು ತಿಳಿಯಬೇಕಾದರೆ ಓವಿಡ್‌ನನ್ನೇ ಓದಿಕೊಳ್ಳಿ ಎಂದು ಆಕೆ ಕಥೆಯನ್ನು ಅಲ್ಲೇ ಬಿಡುತ್ತಾಳೆ. ಹೇಳಿದಂತೆ ಓದಲು ಹೋದವನಿಗೆ ಗೊತ್ತಾಗುತ್ತದೆ, ಗುಟ್ಟು ರಟ್ಟು ಮಾಡಿದ್ದು ಹೆಂಗಸಲ್ಲ, ಗಂಡಸು. ಹೆಂಗಸರ ಮೇಲೆ ಹೊರಿಸಿದ ಆರೋಪದ ಖುಲಾಸೆ ಇನ್ನೊಬ್ಬನ ಪುಸ್ತಕದಲ್ಲಿದೆ. ಹುಡುಕಿ ಓದುವ ಶ್ರಮ ಓದುಗನದು. ಪ್ರಭಾವ ಎಂಬ ಪದವನ್ನು ನಾವು ವಿಮರ್ಶೆಯಲ್ಲಿ ಸಲೀಸಾಗಿ ಬಳಸುತ್ತೇವೆ. ಅದು ಕೆಲಸ ಮಾಡುವ ಬಗೆ ಇಷ್ಟು ಚೆನ್ನಾಗಿ ಕಾಣುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

1567ರಲ್ಲಿ ಆರ್ಥರ್ ಗೋಲ್ಡಿಂಗ್ ರೂಪಾಂತರಗಳನ್ನು ಪೂರ್ತಿ ಇಂಗ್ಲಿಷಿಗೆ ತಂದ. ಆತ ಕ್ಯಾಲ್ವಿನ್‌ನ ಧರ್ಮಗ್ರಂಥಗಳನ್ನು ಅನುವಾದಿಸಿದ ಕಟ್ಟಾ ಧಾರ್ಮಿಕ; ಮುನ್ನುಡಿಯಲ್ಲಿ ನೀತಿಯನ್ನು ಹುಡುಕಿ ಓದಿರಿ ಎಂದು ಎಚ್ಚರಿಸಿಯೇ ಒಳಗೆ ಬಿಡುತ್ತಾನೆ. ಆ ಪುಸ್ತಕ ಓದಿದವರಲ್ಲಿ ಸ್ಟ್ರಾಟ್‌ಫರ್ಡಿನ ಕೈಗವಸು ಮಾಡುವವನ ಮಗನೂ ಇದ್ದ. 'ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್'ನಲ್ಲಿ ನೇಕಾರ, ಬಡಗಿಗಳು ಸೇರಿ ಆಡುವ ಪಿರಮಸ್ ಮತ್ತು ಥಿಸ್ಬಿಯ ಕಥೆ ಓವಿಡ್‌ನದು. 'ಟೆಂಪೆಸ್ಟ್'ನ ಪ್ರಾಸ್ಪೆರೋ ಮಂತ್ರವಿದ್ಯೆ ತೊರೆಯುವಾಗ ಆಡುವ ಮಾತು ಓವಿಡ್‌ನ ಮಾಟಗಾತಿ ಮೆಡಿಯಾಳದು, ಗೋಲ್ಡಿಂಗನ ಪದಗಳ ಸಮೇತ. ಎಂ.ಎಲ್. ಶ್ರೀಕಂಠೇಶಗೌಡರು 'ಪ್ರಮೀಳಾರ್ಜುನೀಯ'ವಾಗಿ, ಕುವೆಂಪು 'ಬಿರುಗಾಳಿ'ಯಾಗಿ ಕನ್ನಡಕ್ಕೆ ತಂದದ್ದು ಈ ಎರಡು ನಾಟಕಗಳನ್ನೇ.

ಷೇಕ್ಸ್‌ಪಿಯರ್ ಓವಿಡ್‌ನ ಪುಸ್ತಕವನ್ನೇ ರಂಗಕ್ಕೆ ತಂದದ್ದೂ ಉಂಟು. 1594ರಲ್ಲಿ ಅಚ್ಚಾದ 'ಟೈಟಸ್ ಆಂಡ್ರೊನಿಕಸ್'ನಲ್ಲಿ ಲವೀನಿಯಾಳ ಮೇಲೆ ಇಬ್ಬರು ಅತ್ಯಾಚಾರ ಮಾಡಿ ನಾಲಿಗೆ ಕತ್ತರಿಸುತ್ತಾರೆ. ಅಷ್ಟಕ್ಕೆ ನಿಲ್ಲದೆ ಎರಡೂ ಕೈ ಕತ್ತರಿಸುತ್ತಾರೆ. ಯಾಕೆಂದರೆ ಫಿಲೊಮೆಲಾ ನೇಯ್ದು ಹೇಳಿದಳೆಂದು ಅವರಿಗೆ ಗೊತ್ತು. ಖೂಳರೂ ಓವಿಡ್‌ನನ್ನು ಓದಿದವರೇ. ಮುಂದಿನ ದೃಶ್ಯವೊಂದರಲ್ಲಿ ಆಕೆ ಹುಡುಗನೊಬ್ಬನ ಪುಸ್ತಕಗಳ ನಡುವೆ ಒಂದನ್ನು ಮೊಂಡುಗೈಗಳಿಂದ ತಡಕಾಡಿ, ಹಾಳೆ ಮಗುಚಿ, ಫಿಲೊಮೆಲಾಳ ಕಥೆಯ ಪುಟಕ್ಕೆ ಬಂದು ನಿಲ್ಲುತ್ತಾಳೆ. ಆಮೇಲೆ ಕೋಲನ್ನು ಬಾಯಲ್ಲಿ ಕಚ್ಚಿ ಮರಳಿನ ಮೇಲೆ ಅಪರಾಧಿಗಳ ಹೆಸರು ಬರೆಯುತ್ತಾಳೆ. ಇಯೋಳ ಗೊರಸೂ ಫಿಲೊಮೆಲಾಳ ಮಗ್ಗವೂ ಆ ಒಂದು ಕೋಲಿನಲ್ಲಿ ಬಂದು ಸೇರಿವೆ.

1599ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಬಿಷಪ್ಪರ ಆಜ್ಞೆಯಂತೆ ಸುಟ್ಟ ಪುಸ್ತಕಗಳಲ್ಲಿ ಮಾರ್ಲೋ ಅನುವಾದಿಸಿದ ಓವಿಡ್‌ನ ಪ್ರೇಮಕವಿತೆಗಳೂ ಸೇರಿದ್ದವು. 1930ರಲ್ಲಿ 'ಆರ್ಸ್ ಅಮಾಟೋರಿಯಾ'ದ ಇಂಗ್ಲಿಷ್ ಅನುವಾದವನ್ನು ಅಮೆರಿಕದ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಂಡರು. ಅದೇ ಅಮೆರಿಕದಲ್ಲಿ ಮೂರು ಶತಮಾನ ಮೊದಲು, ವರ್ಜೀನಿಯಾದ ವಸಾಹತಿಗೆ ಖಜಾಂಚಿಯಾಗಿ ಹೋದ ಜಾರ್ಜ್ ಸ್ಯಾಂಡಿಸ್ ಹಡಗಿನಲ್ಲೂ ಜೇಮ್ಸ್‌ಟೌನ್‌ನಲ್ಲೂ ಕೂತು ರೂಪಾಂತರಗಳ ಅನುವಾದ ಮುಂದುವರಿಸಿದ್ದ. 1626ರಲ್ಲಿ ಅದು ಪೂರ್ತಿಯಾಗಿ ಬಂತು.

ಚಿತ್ರ, ಶಿಲ್ಪಗಳ ಕಡೆ ತಿರುಗಿದರೆ ಈ ಲೇಖನ ಮುಗಿಯುವುದಿಲ್ಲ, ಹಾಗಾಗಿ ಒಂದೇ ಶಿಲ್ಪ. 1622ರಿಂದ 1625ರ ನಡುವೆ ಬರ್ನಿನಿ ಕಾರ್ಡಿನಲ್ ಬೊರ್ಗೇಸೆಗಾಗಿ ಕೆತ್ತಿದ ಅಪೋಲೋ ಮತ್ತು ಡ್ಯಾಫ್ನಿ, ಇಂದಿಗೂ ರೋಮಿನ ಬೊರ್ಗೇಸೆ ಗ್ಯಾಲರಿಯಲ್ಲಿದೆ. ಓಡುವ ಹುಡುಗಿಯ ಬೆರಳ ತುದಿಗಳಲ್ಲಿ ಎಲೆ ಚಿಗುರುತ್ತಿದೆ, ಕಾಲ್ಬೆರಳು ಬೇರಾಗುತ್ತಿದೆ, ತೊಗಟೆ ಮೈಯನ್ನು ಹತ್ತುತ್ತಿದೆ. ಮುಂದೆ ಪೋಪ್ ಆದ ಬಾರ್ಬೆರಿನಿ, ಕ್ಷಣಿಕ ಸುಖದ ಬೆನ್ನು ಹತ್ತಿದವನ ಕೈಗೆ ಸಿಗುವುದು ಎಲೆ ಮತ್ತು ಕಹಿ ಕಾಯಿ ಎಂಬರ್ಥದ ಎರಡು ಸಾಲು ಬರೆದು ಪೀಠಕ್ಕೆ ಹಾಕಿಸಿದ. ಮತ್ತದೇ ಶಾಲು. ಅಪೋಲೋನ ಕೈಗೆ ಏನು ಸಿಕ್ಕಿತು ಎಂಬುದೊಂದೇ ಅವನ ಚಿಂತೆ. ಓವಿಡ್ ಮಾತ್ರ ಹುಡುಗಿಯ ಕಡೆ ಒಂದು ಸಣ್ಣ ಬಾಗಿಲು ತೆರೆದಿಟ್ಟಿದ್ದಾನೆ. ನೀನು ಇನ್ನು ನನ್ನ ಮರ ಎಂದು ಅಪೋಲೋ ಹೇಳಿದಾಗ ಮರ ಕೊಂಬೆ ಆಡಿಸಿತು, ತಲೆಯಾಡಿಸಿದ ಹಾಗೆ ಕಂಡಿತು ಎನ್ನುತ್ತಾನೆ. ಕಂಡಿತು, ಅಷ್ಟೇ. ಒಪ್ಪಿದಳು ಎಂದು ಬರೆದಿಲ್ಲ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದರಲ್ಲೂ ಹುಡುಗಿ ಮರವಾಗುತ್ತಾಳೆ. ಕೊಡ ನೀರು ಹೊಯ್ದರೆ ಹೂಬಿಟ್ಟ ಮರ, ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿ. ಕೊಂಬೆ ಮುರಿದವರ ದೆಸೆಯಿಂದ ಅರ್ಧ ದೇಹವಾಗಿ ಬಿದ್ದವಳು ಕಡೆಗೆ ಇಡಿಯಾಗಿ ಮನೆಗೆ ಬರುತ್ತಾಳೆ. ಇದಕ್ಕೂ ಓವಿಡ್‌ಗೂ ಕೊಡುಕೊಳ್ಳುವಿಕೆ ಇದೆ ಎಂದು ನಾನು ಹೇಳುತ್ತಿಲ್ಲ. ಜೊತೆಗಿಟ್ಟು ಓದಿದಾಗ ಡ್ಯಾಫ್ನಿಗೆ ಎರಡನೇ ಕೊಡ ಹೊಯ್ಯುವವರು ಯಾರೂ ಇರಲಿಲ್ಲ ಎಂಬುದು ಚುಚ್ಚುತ್ತದೆ. ಆ ಚುಚ್ಚು ಈಗ ಓದುವ ಹಲವರಿಗೆ ತಾಗುತ್ತಿದೆ. 2015ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು, ಅತ್ಯಾಚಾರದ ಕಥೆಗಳಿರುವ ಈ ಕಾವ್ಯವನ್ನು ಬರೀ ಭಾಷೆಯ ಸೊಗಸಿಗಾಗಿ ಪಾಠ ಮಾಡುವುದನ್ನು ಪ್ರಶ್ನಿಸಿದರು. 2022ರಲ್ಲಿ ಬಂದ ಸ್ಟೆಫನಿ ಮೆಕಾರ್ಟರ್ ಅವರ ಅನುವಾದ ಅತ್ಯಾಚಾರವನ್ನು ಅಪಹರಣ, ಸಮಾಗಮ ಎಂಬ ಮಡಿ ಪದಗಳಲ್ಲಿ ಮುಚ್ಚುವುದಿಲ್ಲ. ಓವಿಡ್‌ನ ಮೇಲೆ ಕೋಪಿಸಿಕೊಂಡು ಅವನನ್ನು ಓದುವುದೂ ಓದೇ. ಆಗಸ್ಟಸ್‌ನ ಕೋಪಕ್ಕಿಂತ ಇದು ಎಷ್ಟೋ ಮೇಲು.

1820ರಲ್ಲಿ ಜಾರ್ ಅಲೆಕ್ಸಾಂಡರ್ ತರುಣ ಪುಷ್ಕಿನ್‌ನನ್ನು ದಕ್ಷಿಣಕ್ಕೆ ಅಟ್ಟಿದ. ಕಿಶಿನೆವ್ ಪಟ್ಟಣಕ್ಕೆ ಬಂದ ಪುಷ್ಕಿನ್ ಓವಿಡ್ ನಡುಗಿದ ಸೀಮೆಯ ಹತ್ತಿರ ಬಂದಂತಾಯಿತು. ಮರುವರ್ಷವೇ ಓವಿಡ್‌ನನ್ನು ಕುರಿತು ಕವಿತೆ ಬರೆದ. ಅಲ್ಲಿಗೆ ದೂರವಲ್ಲದ ಕಡಲ ದಂಡೆಯಲ್ಲಿ ಒವಿಡಿಯೋಪೋಲ್ ಎಂಬ ಊರೇ ಇತ್ತು, ಓವಿಡ್‌ನ ಗೋರಿ ಸಿಕ್ಕಿತೆಂದು ತಪ್ಪಾಗಿ ತಿಳಿದು 1795ರಲ್ಲಿ ಇಟ್ಟ ಹೆಸರು. 1824ರ 'ಜಿಪ್ಸಿಗಳು' ಕಾವ್ಯದಲ್ಲಿ ಪುಷ್ಕಿನ್ ಒಬ್ಬ ಮುದುಕನಿಂದ ಒಂದು ಐತಿಹ್ಯ ಹೇಳಿಸುತ್ತಾನೆ. ಹಿಂದೆ ರಾಜನೊಬ್ಬ ದಕ್ಷಿಣದವನೊಬ್ಬನನ್ನು ನಮ್ಮಲ್ಲಿಗೆ ಗಡೀಪಾರು ಮಾಡಿದ್ದನಂತೆ. ವಯಸ್ಸಾದವನು, ಮನಸ್ಸು ಎಳೆಯದು. ಮೀನು ಹಿಡಿಯಲು ಬಾರದು, ಬೇಟೆ ಬಾರದು; ಊರವರೇ ಹಿಡಿದು ತಂದು ಕೊಡುತ್ತಿದ್ದರು, ಚಳಿಗೆ ಚರ್ಮ ಹೊದಿಸುತ್ತಿದ್ದರು. ಹಾಡುವ ವರವಿತ್ತು. ಸಾಯುವಾಗ ನನ್ನ ಮೂಳೆಗಳನ್ನಾದರೂ ದಕ್ಷಿಣಕ್ಕೆ ಒಯ್ಯಿರಿ ಎಂದನಂತೆ. ಅವನ ಹೆಸರು? ಮುದುಕನಿಗೆ ಗೊತ್ತಿತ್ತು, ಕಷ್ಟದ ಹೆಸರು, ಮರೆತುಹೋಗಿದೆ.

ಒಂದು ಶತಮಾನದ ಬಳಿಕ, 1922ರಲ್ಲಿ, ರಷ್ಯದ ಇನ್ನೊಬ್ಬ ಕವಿ ಒಸಿಪ್ ಮಾಂಡೆಲ್‌ಸ್ಟಾಮ್‌ನ ಸಂಕಲನ 'ತ್ರಿಸ್ಟಿಯಾ' ಎಂಬ ಹೆಸರಿನಲ್ಲಿ ಬಂತು. ಅದು ಓವಿಡ್ ಗಡೀಪಾರಿನಲ್ಲಿ ಬರೆದ ಪುಸ್ತಕದ ಹೆಸರು. ಸ್ಟಾಲಿನ್ ಕಾಲದಲ್ಲಿ ಗಡೀಪಾರಾಗಿ, ಮತ್ತೆ ಬಂಧನವಾಗಿ, 1938ರ ಡಿಸೆಂಬರ್‌ನಲ್ಲಿ ವ್ಲಾದಿವೊಸ್ತಾಕ್ ಬಳಿಯ ಶಿಬಿರದಲ್ಲಿ ಆ ಕವಿ ಸತ್ತ. ಅವನ ಕೊನೆಯ ಕವಿತೆಗಳನ್ನು ಹೆಂಡತಿ ನಾದೆಜ್ದಾ ಬಾಯಿಪಾಠ ಮಾಡಿ ಉಳಿಸಿದಳು.

2017ರ ಡಿಸೆಂಬರ್‌ನಲ್ಲಿ ರೋಮ್ ನಗರಸಭೆ ಓವಿಡ್‌ನ ಗಡೀಪಾರು ಆಜ್ಞೆಯನ್ನು ರದ್ದುಮಾಡುವ ನಿರ್ಣಯವನ್ನು ಒಪ್ಪಿತು, 2009 ವರ್ಷ ತಡವಾಗಿ. ಸುಲ್ಮೋನಾ ಪಟ್ಟಣ ತನ್ನ ಲಾಂಛನದಲ್ಲಿ ಅವನು ಆ ಊರನ್ನು ತನ್ನದೆಂದು ಹೇಳಿಕೊಂಡ ನಾಲ್ಕು ಪದಗಳ ಮೊದಲಕ್ಷರಗಳನ್ನು ಬಹುಕಾಲದಿಂದ ಹೊತ್ತಿದೆ. ಅವನು ಶಪಿಸಿದ ತೋಮಿಸ್, ಅಂದರೆ ಕಾನ್‌ಸ್ಟಾಂಟ್ಸಾ, ಅವನನ್ನು ಇನ್ನೂ ಹೆಚ್ಚು ಹಚ್ಚಿಕೊಂಡಿದೆ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅವನ ಹೆಸರು, ಚೌಕಕ್ಕೆ ಅವನ ಹೆಸರು. ಚೌಕದ ನಡುವೆ 1887ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆ, ಎತ್ತೋರೆ ಫೆರಾರಿ ಮಾಡಿದ್ದು. ಗಲ್ಲಕ್ಕೆ ಕೈಯಾನಿಸಿ ಕೆಳಗೆ ನೋಡುತ್ತಿದ್ದಾನೆ. ಪೀಠದ ಮೇಲಿರುವುದು ತನ್ನ ಗೋರಿಗೆಂದು ಅವನೇ ಬರೆದುಕೊಂಡ ಸಾಲುಗಳು. ಗೋರಿ ಸಿಕ್ಕಿಲ್ಲ.

ಸಿಗದೆ ಹೋದದ್ದು ಇನ್ನೂ ಒಂದಿದೆ. ಕೊನೆಯ ವರ್ಷಗಳಲ್ಲಿ ಓವಿಡ್ ಅಲ್ಲಿನ ಗೆಟೆ ಜನರ ಭಾಷೆ ಕಲಿತು, ಆ ಭಾಷೆಯ ಪದಗಳನ್ನು ಲ್ಯಾಟಿನ್ ಛಂದಸ್ಸಿಗೆ ಕೂರಿಸಿ ಒಂದು ಕಾವ್ಯ ಬರೆದನಂತೆ. ಅದರ ವಿಷಯ, ಮತ್ತೇನು, ಆಗಸ್ಟಸ್ ಮತ್ತು ಅವನ ಮನೆತನದ ಸ್ತುತಿ. ಊರವರ ಮುಂದೆ ಓದಿ ಮುಗಿಸಿದಾಗ ಅವರು ತಲೆದೂಗಿದರು, ಬಾಣ ತುಂಬಿದ ಬತ್ತಳಿಕೆಗಳನ್ನು ಕುಲುಕಿ ಸದ್ದು ಮಾಡಿ ಮೆಚ್ಚಿಗೆ ತೋರಿದರು. ಆ ಕಾವ್ಯದ ಒಂದಕ್ಷರವೂ ಉಳಿದಿಲ್ಲ. ಉಳಿದಿರುವುದು ಕೇಳಿದವರಲ್ಲೊಬ್ಬ ಎದ್ದು ಆಡಿದ ಮಾತಿನ ವರದಿ. ಚಕ್ರವರ್ತಿಯನ್ನು ಇಷ್ಟು ಹೊಗಳುವವನನ್ನು ಆ ಚಕ್ರವರ್ತಿಯ ಆಜ್ಞೆಯೇ ಊರಿಗೆ ಮರಳಿಸಬೇಕಿತ್ತಲ್ಲ ಎಂದನಂತೆ ಅವನು. ಅದನ್ನು ರೋಮಿನ ಗೆಳೆಯನಿಗೆ ಬರೆದು ತಿಳಿಸುತ್ತ ಓವಿಡ್ ಸೇರಿಸುತ್ತಾನೆ, ಇಲ್ಲಿ ಇದು ಆರನೇ ಚಳಿಗಾಲ.